ಯಾವ ಸ್ಟ್ಯಾಕ್ ಅಂತ ಕೇಳೋ ಮುಂಚೆ

ಆರನೇ ಸೆಮಿಸ್ಟರ್ ಶುರುವಾದ ವಾರದಲ್ಲಿ ಕ್ಯಾಂಟೀನಿನಲ್ಲಿ ಕೂತು ಕಿವಿಗೊಟ್ಟು ನೋಡಿ. ಯಾರೂ ಯಾರನ್ನೂ "ನಿಮ್ಮ ಪ್ರಾಜೆಕ್ಟ್ ಏನು?" ಅಂತ ಮೊದಲು ಕೇಳಲ್ಲ. "ಯಾವ ಸ್ಟ್ಯಾಕ್?" ಅಂತ ಕೇಳ್ತಾರೆ. ಯಾರಿಗಾಗಿ ಸಾಫ್ಟ್‌ವೇರ್ ಮಾಡ್ತೀವಿ ಅನ್ನೋದು ತೀರ್ಮಾನ ಆಗೋ ಮುಂಚೆಯೇ ರಿಯಾಕ್ಟ್, ನೋಡ್, ಮೊಂಗೋಡಿಬಿ ಅಂತ ತೀರ್ಮಾನ ಆಗಿರುತ್ತೆ. ನಾವು ನಾಲ್ಕು ಜನರೂ ಹೀಗೇ ಮಾಡಿದವರು. ಹೀಗೆ ಮಾಡಿ ಒಂದು ನಿಜವಾದ ಅಂಗಡಿಯ ನಿಜವಾದ ಲೆಕ್ಕವನ್ನು ಹಾಳು ಮಾಡಿದ್ವಿ. ಅದಕ್ಕೇ ಈ ಲೇಖನ.

ನಮ್ಮ ಮಾತು ಇಷ್ಟೇ. ವ್ಯಾಪಾರಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವಾಗ ಪ್ಲಾಟ್‌ಫಾರ್ಮ್ ಆಯ್ಕೆ ಅಂದ್ರೆ ನಾವು ಏನು ಕಲಿಯಬೇಕು ಅನ್ನೋ ಪ್ರಶ್ನೆ ಅಲ್ಲ. ನಾವು ಪಾಸಾಗಿ ಹೋದ ಮೇಲೆ ಅದರ ಜೊತೆ ಯಾರು ಏಗಬೇಕು ಅನ್ನೋ ಪ್ರಶ್ನೆ. ಪ್ಲಾಟ್‌ಫಾರ್ಮ್ ಅಂದಾಗ ಬರೀ ಭಾಷೆ ಅಲ್ಲ. ಭಾಷೆ, ಡೇಟಾಬೇಸ್, ಲೈಬ್ರರಿಗಳು, ಅದು ಓಡುವ ಯಂತ್ರ ಎಲ್ಲಾ ಸೇರಿ ಹೇಳ್ತಿದ್ದೀವಿ.

ಮಾವನ ಅಂಗಡಿ

ನಮ್ಮಲ್ಲಿ ಒಬ್ಬನ ಸೋದರಮಾವನಿಗೆ ತುಮಕೂರು ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ನಮ್ಮ ಥರದ ಹಾರ್ಡ್‌ವೇರ್ ಅಲ್ಲ. ಸಿಮೆಂಟು, ಪಿವಿಸಿ ಪೈಪು, ಪಂಪ್‌ಸೆಟ್ ಬಿಡಿಭಾಗ, ಮೊಳೆ, ಬಣ್ಣ. ಮುಕ್ಕಾಲು ಪಾಲು ವ್ಯಾಪಾರ ಉದ್ರಿ. ಕೊಬ್ಬರಿ ಮಾರಿದ ಮೇಲೆ ದುಡ್ಡು ಬರುತ್ತೆ. ಹಾಗಾಗಿ ಅಂಗಡಿಯ ಜೀವ ಇರೋದು ಗಲ್ಲಾದಲ್ಲಿ ಅಲ್ಲ, ಉದ್ರಿ ಖಾತೆಯಲ್ಲಿ.

ಈ ಅಂಗಡಿಯಲ್ಲಿ ಮುಂಚೆಯೇ ಕಂಪ್ಯೂಟರ್ ಇತ್ತು. ಯಾರೋ ಒಬ್ಬರು ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ, ನೀಲಿ ಪರದೆ, ಮೌಸ್ ಬೇಡ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಗುಮಾಸ್ತರು (ನಾವು ಅಣ್ಣ ಅಂತೀವಿ) ಪರದೆ ನೋಡದೇ ಬಿಲ್ ಹೊಡೀತಿದ್ರಂತೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಪ್ರೋಗ್ರಾಂ ಬದಲಾಯಿಸಬೇಕಿತ್ತು. ಬರೆದವರು ಊರು ಬಿಟ್ಟಿದ್ರು, ಸೋರ್ಸ್ ಕೋಡ್ ಅವರ ಜೊತೆ ಹೋಗಿತ್ತು. ಹೊಸ ಕಂಪ್ಯೂಟರ್ ತಂದ್ರೆ ಅದರ 64 ಬಿಟ್ ವಿಂಡೋಸ್ ಹಳೇ ಡಾಸ್ ಪ್ರೋಗ್ರಾಂ ಓಡಿಸಲ್ಲ ಅಂತು. ಅಂಗಡಿ ಮತ್ತೆ ಕೈಬರಹದ ಬಿಲ್ ಬುಕ್ಕಿಗೆ ಬಂತು.

ನಾವು ಹೋದಾಗ ಆ ನೀಲಿ ಪರದೆಯ ಫೋಟೋ ನೋಡಿ ನಕ್ಕಿದ್ವಿ. "ಮಾವ, ಕ್ಲೌಡ್ ಮಾಡಿಕೊಡ್ತೀವಿ, ಫೋನಲ್ಲೇ ನೋಡ್ಕೋಬಹುದು" ಅಂದ್ವಿ. ಮಾವ ಕೇಳಿದ್ದು ಎರಡೇ: "ಬಿಲ್ಲು ಕನ್ನಡದಾಗೆ ಬರ್ತದೇನ್ರಪ್ಪಾ? ಕರೆಂಟು, ನೆಟ್ಟು ಹೋದ್ರೆ ಏನ್ಮಾಡದು?" ಎರಡಕ್ಕೂ ನಾವು "ಆಗುತ್ತೆ ಮಾವ" ಅಂದುಬಿಟ್ವಿ. ಗೊತ್ತಿದ್ದು ಹೇಳಿದ್ದಲ್ಲ.

ಮಿನಿ ಪ್ರಾಜೆಕ್ಟಿಗೆ ಎಕ್ಸ್‌ಟರ್ನಲ್ ಒಳ್ಳೇ ಮಾರ್ಕ್ಸ್ ಕೊಟ್ರು. ಡೆಮೋ ಕಾಲೇಜಿನ ವೈಫೈನಲ್ಲಿ ಬೆಣ್ಣೆ ಥರ ಓಡ್ತು. ಅಂಗಡಿಯಲ್ಲಿ ಆದದ್ದು ಬೇರೆ.

ಮೊದಲನೇದು, ನಾವು ಹಾಕಿದ್ದು ಪುಕ್ಕಟೆ ಹೋಸ್ಟಿಂಗ್. ಸ್ವಲ್ಪ ಹೊತ್ತು ಯಾರೂ ಬಳಸದಿದ್ರೆ ಅಂಥ ಸರ್ವರ್ ನಿದ್ದೆ ಹೋಗುತ್ತೆ, ಎಬ್ಬಿಸೋಕೆ ಮುಕ್ಕಾಲು ನಿಮಿಷ, ಒಂದು ನಿಮಿಷ ಬೇಕು. ಬೆಳಿಗ್ಗೆ ಮೊದಲ ಗಿರಾಕಿ ಬೈಕ್ ಆಫ್ ಮಾಡದೇ ನಿಂತಿರ್ತಾನೆ, ಪರದೆ ಮೇಲೆ ಚಕ್ರ ತಿರುಗ್ತಿರುತ್ತೆ.

ಎರಡನೇದು ನಿಜವಾದ ಹೊಡೆತ. ಒಂದು ಉದ್ರಿ ಬಿಲ್ ಆದ್ರೆ ಮೂರು ಕೆಲಸ ಆಗಬೇಕು: ಬಿಲ್ ಉಳಿಯಬೇಕು, ದಾಸ್ತಾನು ಕಮ್ಮಿ ಆಗಬೇಕು, ಗಿರಾಕಿ ಖಾತೆಗೆ ಬಾಕಿ ಏರಬೇಕು. ನಾವು ಬ್ರೌಸರಿನಿಂದ ಮೂರು ಬೇರೆ ಬೇರೆ ಕರೆ ಒಂದರ ಹಿಂದೆ ಒಂದು ಕಳಿಸ್ತಿದ್ವಿ. ಎರಡನೇದಕ್ಕೂ ಮೂರನೇದಕ್ಕೂ ನಡುವೆ ನೆಟ್ ಹೋದ್ರೆ? ಬಿಲ್ ಇದೆ, ಸಿಮೆಂಟು ಹೋಗಿದೆ, ಬಾಕಿ ಏರಿಲ್ಲ. ಇಂಥವು ಎಷ್ಟಾದವು ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಬಾಕಿ ಕಮ್ಮಿ ಬಂದ ಗಿರಾಕಿ ಬಂದು ದೂರು ಹೇಳಲ್ಲ. ಅಣ್ಣ ಅನುಮಾನ ಬಂದು ಬಿಲ್ ಬುಕ್ ಕೂಡ ಜೊತೆಗೆ ಬರೀತಿದ್ದದ್ದಕ್ಕೆ ಸಿಕ್ಕಿಬಿತ್ತು. ಎರಡನ್ನೂ ತಾಳೆ ನೋಡೋಕೆ ಅವರಿಗೆ ನಾಲ್ಕು ರಾತ್ರಿ ಹಿಡೀತು.

ಇದು ಮೊಂಗೋಡಿಬಿಯ ತಪ್ಪಲ್ಲ, ಇದನ್ನು ಸ್ಪಷ್ಟವಾಗಿ ಹೇಳ್ತೀವಿ. ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ ಟ್ರಾನ್ಸಾಕ್ಷನ್ ಅದರಲ್ಲಿ 2018ರ 4.0 ಆವೃತ್ತಿಯಿಂದ ಇದೆ. ನಾವು ಓದಿರಲಿಲ್ಲ ಅಷ್ಟೆ. ಆದರೆ ಖಾತೆ, ಬಿಲ್, ದಾಸ್ತಾನು ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡ ಲೆಕ್ಕಕ್ಕೆ ರಿಲೇಷನಲ್ ಡೇಟಾಬೇಸ್ ಸಹಜವಾದ ಜಾಗ ಅಂತ ನಾಲ್ಕನೇ ಸೆಮಿಸ್ಟರಿನಲ್ಲೇ ಓದಿ ಪಾಸಾಗಿದ್ವಲ್ಲ? ಎಸಿಐಡಿ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವರೇ ಸ್ಟ್ಯಾಕ್ ಆರಿಸುವಾಗ ಅದನ್ನು ಒಮ್ಮೆಯೂ ನೆನೆಸಲಿಲ್ಲ.

ಮೂರನೇದು 2025ರ ಸೆಪ್ಟೆಂಬರ್ 22. ಅವತ್ತಿಂದ ಜಿಎಸ್‌ಟಿ ದರ ಬದಲಾದವು, ಸಿಮೆಂಟು ಶೇ. 28ರಿಂದ 18ಕ್ಕೆ ಇಳೀತು. ಬೆಳಿಗ್ಗೆಯೇ ಮಾವನ ಫೋನು: "ಏನ್ರೋ, ಇನ್ನೂ ಇಪ್ಪತ್ತೆಂಟೇ ತಗೋತೈತಲ್ರೋ." ದರವನ್ನು ನಾವು ಕೋಡಿನೊಳಗೇ ಬರೆದಿದ್ವಿ. ಕೋಡ್ ಇದ್ದ ಲ್ಯಾಪ್‌ಟಾಪಿನವನು ಇಂಟರ್ನ್‌ಶಿಪ್‌ಗೆ ಬೆಂಗಳೂರಿನಲ್ಲಿ. ಉಳಿದವರು ಗಿಟ್‌ಹಬ್‌ನಿಂದ ಇಳಿಸಿಕೊಂಡು ಬಿಲ್ಡ್ ಮಾಡಿದ್ರೆ ಆಗಲಿಲ್ಲ. ಆರು ತಿಂಗಳಲ್ಲಿ ಎರಡು ಪ್ಯಾಕೇಜುಗಳ ಆವೃತ್ತಿ ಬದಲಾಗಿ ಒಂದಕ್ಕೊಂದು ಹೊಂದ್ತಿರಲಿಲ್ಲ. ಒಂದು ಅಂಕಿ ಬದಲಿಸೋಕೆ ಎರಡು ದಿನ. ಅಷ್ಟರಲ್ಲಿ ಅಣ್ಣ ಬಿಲ್ ಬುಕ್ಕನ್ನು ಮತ್ತೆ ಮೇಜಿನ ಮೇಲೆ ಇಟ್ಟುಕೊಂಡಿದ್ರು.

ಆವತ್ತು ನಮಗೆ ಹೊಳೆದದ್ದು ಇದು. ಫಾಕ್ಸ್‌ಪ್ರೋದವರು ಒಂದು ದೊಡ್ಡ ತೆರಿಗೆ ಬದಲಾವಣೆ ಬರೋವರೆಗೆ ವರ್ಷಗಟ್ಟಲೆ ಆ ಅಂಗಡಿಯನ್ನು ನಡೆಸಿದ್ರು. ನಾವು ಆರು ತಿಂಗಳೂ ನಡೆಸಲಿಲ್ಲ. ನಕ್ಕಿದ್ದು ಮಾತ್ರ ನಾವು.

ಪ್ಲಾಟ್‌ಫಾರ್ಮ್‌ಗಳು ಸಾಯ್ತವೆ, ಲೆಕ್ಕ ಸಾಯಲ್ಲ

ಹೊಸದನ್ನೇ ಆರಿಸಬೇಕು ಅನ್ನೋರು ಹೇಳೋ ವಾದ ಏನಂದ್ರೆ, ಹಳೇದು ಬೇಗ ಸಾಯುತ್ತೆ ಅಂತ. ಇತಿಹಾಸ ನೋಡಿದ್ರೆ ಅಷ್ಟು ಸರಳ ಇಲ್ಲ.

ಫಾಕ್ಸ್‌ಪ್ರೋವನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡುಕೊಂಡಿತು. ಕೊನೆಯ ಆವೃತ್ತಿ ವಿಶುಯಲ್ ಫಾಕ್ಸ್‌ಪ್ರೋ 9, 2004ರದು. ಬೆಂಬಲ 2015ರ ಜನವರಿಗೆ ಮುಗೀತು. ವಿಶುಯಲ್ ಬೇಸಿಕ್ 6 ಬಂದದ್ದು 1998ರಲ್ಲಿ, ಅದರಲ್ಲಿ ಬರೆಯುವ ಸಾಧನದ ಬೆಂಬಲ 2008ರಲ್ಲಿ ನಿಂತ್ರೂ ಅದರಲ್ಲಿ ಬರೆದ ಪ್ರೋಗ್ರಾಂ ಈಗಲೂ ವಿಂಡೋಸ್ ಮೇಲೆ ಓಡುತ್ತೆ. ಇತ್ತ, 2010ರ ದಶಕದಲ್ಲಿ ಎಲ್ಲರೂ ಕಲಿಯಲೇಬೇಕು ಅಂತಿದ್ದ ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೆ ನಿಂತುಹೋಯ್ತು. ಅದರ ಮುಂದಿನ ಆಂಗ್ಯುಲರ್‌ಗೆ ಹೋಗಬೇಕಂದ್ರೆ ಹೆಚ್ಚುಕಮ್ಮಿ ಮತ್ತೆ ಬರೆಯಬೇಕು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ವಿದಾಯ. ಇನ್ನು 1959ರಲ್ಲಿ ರೂಪುಗೊಳ್ಳಲು ಶುರುವಾದ ಕೋಬಾಲ್? 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಕೆಲಸ ಕಳಕೊಂಡವರ ಅರ್ಜಿಗಳ ಭಾರಕ್ಕೆ ಕಂಪ್ಯೂಟರುಗಳು ತತ್ತರಿಸಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರು ಬೇಕು ಅಂತ ಬಹಿರಂಗವಾಗಿ ಕೇಳಿಕೊಂಡ್ರು. ಕೋಬಾಲ್ ಸತ್ತಿರಲಿಲ್ಲ, ಬಲ್ಲವರು ಸಿಗ್ತಿರಲಿಲ್ಲ.

ಎರಡು ಬೇರೆ ಬೇರೆ ಸಾವು ಇದೆ ಅಂತಾಯ್ತು. ಒಂದು, ಪ್ಲಾಟ್‌ಫಾರ್ಮ್ ಕಂಪನಿ ಕೈಬಿಡೋದು. ಇನ್ನೊಂದು, ಅದನ್ನು ಬಲ್ಲವರು ಹತ್ತಿರದಲ್ಲಿ ಇಲ್ಲದೇ ಹೋಗೋದು. ಸಣ್ಣ ವ್ಯಾಪಾರಕ್ಕೆ ಎರಡನೇದೇ ಮೊದಲು ಬರುತ್ತೆ. ಮಾವನ ಅಂಗಡಿಯಲ್ಲಿ 2017ರಲ್ಲಿ ಆದದ್ದು ಅದೇ, ನಮ್ಮ ಕೈಯಲ್ಲಿ 2025ರಲ್ಲಿ ಆದದ್ದೂ ಅದೇ.

ಹಾಗಾಗಿ ಯಾವುದನ್ನಾದರೂ ಆರಿಸೋ ಮುಂಚೆ ಮೂರು ವಿಷಯ ಹುಡುಕಿ. ಒಂದು ಆವೃತ್ತಿಗೆ ಎಷ್ಟು ವರ್ಷ ಬೆಂಬಲ ಅಂತ ಬರೆದುಕೊಟ್ಟಿದ್ದಾರಾ? ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷ ಕೊಡುತ್ತೆ. ಎಸ್‌ಕ್ಯೂಲೈಟ್ ತಂಡ 2050ರವರೆಗೆ ಬೆಂಬಲಿಸೋ ಉದ್ದೇಶ ಇದೆ ಅಂತಲೇ ಹೇಳಿಕೊಂಡಿದೆ. ಡಾಟ್‌ನೆಟ್‌ನ ದೀರ್ಘಾವಧಿ ಆವೃತ್ತಿಗೆ ಮೂರು ವರ್ಷ. ಎರಡನೇದು, ನಮ್ಮ ನಂತರ ಇದನ್ನು ಮುಟ್ಟಬಲ್ಲವರು ಆ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ಇದ್ದಾರಾ? ಮೂರನೇದು, ಪ್ರೋಗ್ರಾಂ ಸತ್ತರೂ ಲೆಕ್ಕವನ್ನು ಹೊರಗೆ ತೆಗೆಯೋಕೆ ಆಗುತ್ತಾ?

ಈ ಮೂರನೇದರಲ್ಲಿ ಆ ಹಳೇ ಫಾಕ್ಸ್‌ಪ್ರೋದವರು ನಮಗಿಂತ ಮೇಲು. ಮಾವನ ಹಳೇ ಹಾರ್ಡ್‌ಡಿಸ್ಕಿನಲ್ಲಿದ್ದ ಡಿಬಿಎಫ್ ಫೈಲುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದ್ವಿ. ಸಲೀಸಾಗಿ ತೆರೆದುಕೊಂಡವು. ಗಿರಾಕಿಗಳ ಹೆಸರು, ಊರು, ಬಾಕಿ, ಎಲ್ಲಾ. ಪ್ರೋಗ್ರಾಂ ಸತ್ತು ವರ್ಷಗಳಾಗಿತ್ತು, ಲೆಕ್ಕ ಉಸಿರಾಡ್ತಿತ್ತು. ದೊಡ್ಡ ಮಟ್ಟದಲ್ಲೂ ಇದೇ ಕಥೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ನಮ್ಮ ರಾಜ್ಯದ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದವು. ಆವತ್ತಿನ ಯಂತ್ರಗಳು ಇವತ್ತಿಲ್ಲ. ಸರ್ವೆ ನಂಬರು, ಖಾತೆದಾರರ ಹೆಸರು ಮಾತ್ರ ಇರಲೇಬೇಕು.

ಪೈಸೆ ಲೆಕ್ಕ

ನಾವು ಯಾರೂ ಗಮನ ಕೊಡದ ಇನ್ನೊಂದು ವಿಷಯ: ಆರಿಸಿದ ಭಾಷೆಗೆ ದುಡ್ಡು ಎಣಿಸೋಕೆ ಬರುತ್ತಾ?

0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರೋದು ನಮಗೆಲ್ಲ ತಮಾಷೆ. ಅಂಗಡಿಯಲ್ಲಿ ಅದು ತಮಾಷೆ ಅಲ್ಲ. ಶೇ. 5 ತೆರಿಗೆಯ 107 ರೂಪಾಯಿ ಸಾಮಾನು ತಗೊಳ್ಳಿ. ಸಿಜಿಎಸ್‌ಟಿ ಶೇ. 2.5, ಅಂದ್ರೆ 2.675 ರೂಪಾಯಿ. ಶಾಲೆಯಲ್ಲಿ ಕಲಿತ ಹಾಗೆ ಎರಡು ದಶಾಂಶಕ್ಕೆ ತಂದ್ರೆ 2.68. ಜಾವಾಸ್ಕ್ರಿಪ್ಟಿನಲ್ಲಿ 107ನ್ನು 2.5ರಿಂದ ಗುಣಿಸಿ 100ರಿಂದ ಭಾಗಿಸಿ ಟುಫಿಕ್ಸೆಡ್ ಹಾಕಿ ನೋಡಿ: 2.67. ಕಾರಣ, 2.675 ಅನ್ನೋ ಸಂಖ್ಯೆ ದ್ವಿಮಾನದಲ್ಲಿ ಪೂರ್ತಿ ಕೂರಲ್ಲ, ಒಳಗೆ ಅದು 2.67499999... ಆಗಿ ಕೂತಿರುತ್ತೆ. ಎಸ್‌ಜಿಎಸ್‌ಟಿಗೂ ಅದೇ. ಒಂದು ಬಿಲ್ಲಿಗೆ ಎರಡು ಪೈಸೆ. ಎರಡು ಪೈಸೆ ಯಾರಿಗೆ ಬೇಕು ಅನ್ನಬೇಡಿ. ತಿಂಗಳ ಕೊನೆಗೆ ಆಡಿಟರ್ ಹತ್ರ ಮೊತ್ತ ತಾಳೆ ಆಗದಿದ್ರೆ, ಎರಡು ಪೈಸೆ ಎಲ್ಲಿ ಹೋಯ್ತು ಅಂತ ಹುಡುಕೋಕೆ ಎಲ್ಲಾ ಬಿಲ್ಲುಗಳನ್ನೂ ತೆಗೆಯಬೇಕು.

ಜಾವಾಸ್ಕ್ರಿಪ್ಟ್ ಒಂದೇ ತಪ್ಪಿತಸ್ಥ ಅಲ್ಲ. ಪೈಥಾನಿನ ಸಾಮಾನ್ಯ ಫ್ಲೋಟ್ ಕೂಡ ಇದನ್ನೇ ಮಾಡುತ್ತೆ. ವ್ಯತ್ಯಾಸ ಏನಂದ್ರೆ, ಸಿ ಶಾರ್ಪ್‌ನಲ್ಲಿ ಡೆಸಿಮಲ್ ಅನ್ನೋ ವಿಧ ಭಾಷೆಯಲ್ಲೇ ಇದೆ, ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನಿನಲ್ಲಿ ಡೆಸಿಮಲ್ ಮಾಡ್ಯೂಲ್, ಎಸ್‌ಕ್ಯೂಎಲ್‌ನಲ್ಲಿ ನ್ಯೂಮರಿಕ್. ಕೋಬಾಲ್‌ಗೆ ದಶಮಾನದ ಲೆಕ್ಕ ಮೊದಲಿನಿಂದಲೂ ಬರುತ್ತೆ. ಬ್ಯಾಂಕಿನವರು ಅದನ್ನು ಸುಲಭಕ್ಕೆ ಬಿಡದೇ ಇರೋಕೆ ಅದೂ ಒಂದು ಕಾರಣ. ಜಾವಾಸ್ಕ್ರಿಪ್ಟಿನಲ್ಲಿ ಮಾಡಲೇಬೇಕಂದ್ರೆ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ಇಲ್ಲಾ ಒಳ್ಳೇ ಲೈಬ್ರರಿ ಹಾಕಿಕೊಳ್ಳಿ. ಸಾಧ್ಯ ಇಲ್ಲ ಅಂತ ಅಲ್ಲ. ಆದರೆ ತಂಡದಲ್ಲಿ ಯಾರಾದರೂ ಒಬ್ಬ ಒಂದು ಕಡೆ ಮರೆತ್ರೂ ಆಯ್ತು. ನಾವು ಮರೆತದ್ದು ಒಂದು ಕಡೆ ಅಲ್ಲ.

ಬಿಲ್ಲು ಕನ್ನಡದಾಗೆ

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಹೇಳದಿದ್ರೆ ಹೇಗೆ? ರಾಜ್ಯೋತ್ಸವಕ್ಕೆ ಬಾವುಟ ಹಿಡಿಯೋ ನಾವೇ ಕನ್ನಡದಲ್ಲಿ ಬಿಲ್ ಕೇಳಿದ ಮಾವನಿಗೆ ಆರು ತಿಂಗಳು ಇಂಗ್ಲಿಷ್ ಬಿಲ್ ಕೊಟ್ವಿ.

ಪರದೆ ಮೇಲೆ ಕನ್ನಡ ಬರೋದು ಈಗ ದೊಡ್ಡ ವಿಷಯವಲ್ಲ. ಕಷ್ಟ ಇರೋದು ಅಂಚುಗಳಲ್ಲಿ. 'ಲಕ್ಷ್ಮಿ' ಅಂತ ಬರೀರಿ. ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡಿನಲ್ಲಿ ಅದು ಏಳು ಸಂಕೇತ: ಲ, ಕ, ವಿರಾಮ, ಷ, ವಿರಾಮ, ಮ, ಇಕಾರ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 21. ಹೆಸರಿನ ಜಾಗಕ್ಕೆ 20 ಬೈಟು ಅಂತ ಅಳತೆ ಕೊಟ್ಟ ವ್ಯವಸ್ಥೆಯಲ್ಲಿ 'ಲಕ್ಷ್ಮಿ' ಕೂಡ ಹಿಡಿಸಲ್ಲ, 'ಲಕ್ಷ್ಮೀನರಸಿಂಹಯ್ಯ' ಬಿಡಿ. ನಾವು ಬಿಲ್ ಕಾಲಮ್ಮಿಗೆ ಹೊಂದಿಸೋಕೆ ಹೆಸರನ್ನು ಹತ್ತು ಸಂಕೇತಕ್ಕೆ ಕತ್ತರಿಸ್ತಿದ್ವಿ. ಕೆಲವರ ಹೆಸರು ಒತ್ತಕ್ಷರದ ನಡುವೆ ತುಂಡಾಗಿ ಬರ್ತಿತ್ತು.

ಮುದ್ರಣ ಇನ್ನೂ ಕಷ್ಟ. ಅಂಗಡಿಗಳಲ್ಲಿರೋ ಸಾಮಾನ್ಯ ಥರ್ಮಲ್ ಪ್ರಿಂಟರಿಗೆ ಅಕ್ಷರಗಳನ್ನು ನೇರವಾಗಿ ಕಳಿಸಿದ್ರೆ ಇಂಗ್ಲಿಷ್ ಬರುತ್ತೆ, ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಯೋ ಕಸವೋ ಬರುತ್ತೆ. ಕನ್ನಡ ಬೇಕಂದ್ರೆ ಬಿಲ್ಲನ್ನೇ ಚಿತ್ರ ಮಾಡಿ ಕಳಿಸಬೇಕು. ಹೋಗಲಿ ಪಿಡಿಎಫ್ ಮಾಡೋಣ ಅಂದ್ರೆ, ನಾವು ಬಳಸಿದ ಲೈಬ್ರರಿಗೆ ಒತ್ತಕ್ಷರ ಕೂಡಿಸೋದು ಗೊತ್ತಿರಲಿಲ್ಲ. 'ಲಕ್ಷ್ಮಿ' ಹೋಗಿ 'ಲಕ್‌ಷ್‌ಮಿ' ಆಯ್ತು. ಮಾವ ನೋಡಿ, "ಇದು ಯಾವ ದೇಶದ ಕನ್ನಡನಪ್ಪಾ" ಅಂದ್ರು.

ಇದು ಪ್ಲಾಟ್‌ಫಾರ್ಮ್ ಆಯ್ಕೆಯ ಪ್ರಶ್ನೆಯೇ. ಆರಿಸೋ ಮುಂಚೆ ಅರ್ಧ ದಿನ ಕೂತು ಒಂದು ಪರೀಕ್ಷೆ ಮಾಡಿದ್ರೆ ಸಾಕಿತ್ತು: ಆ ಅಂಗಡಿಯ ಅದೇ ಪ್ರಿಂಟರಿನಲ್ಲಿ, ಐದು ಕಷ್ಟದ ಹೆಸರಿರೋ ಒಂದು ಬಿಲ್ಲು ಬರುತ್ತಾ? ಬರದಿದ್ರೆ ಆ ಹಾದಿ ಬೇಡ, ಇಲ್ಲಾ ಅದಕ್ಕೆ ಎಷ್ಟು ಕೆಲಸ ಅಂತ ಮೊದಲೇ ಗೊತ್ತಾಗ್ತಿತ್ತು. ತೂಕದ ಯಂತ್ರ ಜೋಡಿಸಬೇಕಂದ್ರೂ ಇದೇ ಮಾತು. ಸೀರಿಯಲ್ ಪೋರ್ಟಿನ ತಕ್ಕಡಿಯನ್ನು ಒಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಸುಲಭವಾಗಿ ಓದುತ್ತೆ. ಬ್ರೌಸರಿನಿಂದ ಓದಬೇಕಂದ್ರೆ ಕ್ರೋಮ್ ಥರದ ಕೆಲವೇ ಬ್ರೌಸರುಗಳಲ್ಲಿ ಆಗುತ್ತೆ.

ಬರೆಯಲೇಬೇಕಾ?

ಎಲ್ಲದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ಕೊನೆಗೆ ಕೇಳಿದ್ವಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಾ?

ನಮ್ಮ ಬೆಂಗಳೂರಿನ ಟ್ಯಾಲಿ ಇದೆ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೇ ಮಗ ಭರತ್ ಗೋಯೆಂಕಾ ಅವರಿಗೆ ಬರೆಯೋಕೆ ಹೇಳಿದ್ದರಿಂದ ಹುಟ್ಟಿದ್ದು. ಡಾಸ್ ಕಾಲದಲ್ಲಿ ಶುರುವಾಗಿ ವಿಂಡೋಸಿಗೆ ಬಂದು ಇವತ್ತಿಗೂ ಇದೆ. ಬಲ್ಲವರು ಪ್ರತಿ ತಾಲ್ಲೂಕಿನಲ್ಲೂ ಸಿಗ್ತಾರೆ. ತೆರಿಗೆ ದರ ಬದಲಾದ್ರೆ ಅದು ಕಂಪನಿಯ ತಲೆನೋವು, ನಮ್ಮದಲ್ಲ. ಟಿಡಿಎಲ್ ಅನ್ನೋ ಅದರದೇ ಭಾಷೆಯಲ್ಲಿ ಅದನ್ನು ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಹಣ ಕೊಡೋಕೆ ಆಗಲ್ಲ ಅಂದ್ರೆ, ಪೈಥಾನಿನಲ್ಲಿ ಬರೆದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ, ಅದೂ ನಮ್ಮ ದೇಶದ್ದೇ, ಮುಂಬೈನದು.

ಅಂಗಡಿಗೆ ಇವುಗಳಲ್ಲಿ ಒಂದು ಸಾಕು ಅಂತಾದ್ರೆ ಅದನ್ನು ಧೈರ್ಯವಾಗಿ ಹೇಳೋದೂ ಎಂಜಿನಿಯರ್ ಕೆಲಸವೇ. ಅದರ ಮೇಲೆ ಅಂಗಡಿಗೆ ಬೇಕಾದ ಒಂದು ಸಣ್ಣ ಭಾಗ ಬರೆದ್ರೆ, ಉದಾಹರಣೆಗೆ ಕನ್ನಡದ ಉದ್ರಿ ಚೀಟಿ, ಅದು ನಾವು ಬರೆದ ಇಪ್ಪತ್ತು ಸಾವಿರ ಸಾಲಿಗಿಂತ ಹೆಚ್ಚು ಉಪಯೋಗ. ತೊಂದರೆ ಏನಂದ್ರೆ, ಅದಕ್ಕೆ ನಮ್ಮ ಮಾರ್ಕಿಂಗ್ ಸ್ಕೀಮಿನಲ್ಲಿ ಜಾಗ ಇಲ್ಲ.

ಮಾವನ ಅಂಗಡಿಯಲ್ಲಿ ಟ್ಯಾಲಿ ಯಾಕೆ ಹಾಕಲಿಲ್ಲ ಅಂತ ನೀವು ಕೇಳಬಹುದು. ಕೇಳಿದ್ವಿ. ಅಣ್ಣನಿಗೆ ಹಳೇ ನೀಲಿ ಪರದೆಯ ಹಾಗೇ ಒಂದೇ ಪರದೆಯಲ್ಲಿ ಎಲ್ಲಾ ಬೇಕು, ಉದ್ರಿಯನ್ನು ಊರುವಾರು ನೋಡಬೇಕು, ಕನ್ನಡ ಬಿಲ್ ಬೇಕು. ಜೊತೆಗೆ ಮಾವನಿಗೆ ನಮ್ಮ ಮೇಲೆ ಇನ್ನೂ ಸ್ವಲ್ಪ ನಂಬಿಕೆ ಉಳಿದಿತ್ತು. ಹಾಗಾಗಿ ಆಡಿಟರ್ ಲೆಕ್ಕ ಆಡಿಟರ್ ಹತ್ರದ ಟ್ಯಾಲಿಯಲ್ಲೇ ಇರಲಿ, ಅಂಗಡಿ ಮೇಜಿನ ಕೆಲಸ ಮಾತ್ರ ನಾವು ಮಾಡೋಣ ಅಂತ ತೀರ್ಮಾನ ಆಯ್ತು.

ಎರಡನೇ ಸಲ

ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಅಂಗಡಿಯನ್ನೇ ತಗೊಂಡ್ವಿ. ಈ ಸಲ ಕೋಡ್ ಬರೆಯೋ ಮುಂಚೆ ಎರಡು ಶನಿವಾರ ಅಂಗಡಿಯಲ್ಲಿ ನಿಂತ್ವಿ. ಆರಿಸಿದ್ದು ಸಿ ಶಾರ್ಪ್ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್, ಅಂಗಡಿಯ ಪಿಸಿಯಲ್ಲೇ ಓಡೋದು. ಕಾರಣಗಳು ಇವು: ಅಂಗಡಿಯಲ್ಲಿ ಇರೋದು ವಿಂಡೋಸ್ ಪಿಸಿ. ಮೇಜಿನಲ್ಲಿ ಒಂದು, ಗೋಡೌನಿನಲ್ಲಿ ಒಂದು, ಎರಡು ಕಡೆಯಿಂದ ಒಟ್ಟಿಗೆ ಬಳಸಬೇಕು. ಒಂದೇ ಪಿಸಿ ಆಗಿದ್ರೆ ಎಸ್‌ಕ್ಯೂಲೈಟ್ ಸಾಕಿತ್ತು. ವಿಂಡೋಸಿನ ಡ್ರೈವರ್ ಮೂಲಕ ಹೋದ್ರೆ ಕನ್ನಡದ ಒತ್ತಕ್ಷರ ಸರಿಯಾಗಿ ಮುದ್ರಣ ಆಗುತ್ತೆ. ದುಡ್ಡಿಗೆ ಡೆಸಿಮಲ್ ಇದೆ. ನೆಟ್ ಇಲ್ಲದಿದ್ರೂ ಬಿಲ್ ಆಗುತ್ತೆ, ಕರೆಂಟ್ ಹೋದ್ರೆ ಯುಪಿಎಸ್ ಇದೆ. ಬಿಲ್, ದಾಸ್ತಾನು, ಬಾಕಿ ಮೂರೂ ಒಂದೇ ಟ್ರಾನ್ಸಾಕ್ಷನ್. ಆದ್ರೆ ಮೂರೂ ಆಗುತ್ತೆ, ಇಲ್ಲಾ ಯಾವುದೂ ಆಗಲ್ಲ. ತೆರಿಗೆ ದರ ಕೋಡಿನಲ್ಲಿಲ್ಲ, 'ಈ ದಿನದಿಂದ ಈ ದರ' ಅಂತ ಟೇಬಲ್ಲಿನಲ್ಲಿದೆ. ಅಣ್ಣನೇ ಬದಲಿಸಬಹುದು, ಹಳೇ ಬಿಲ್ಲಿನ ಸಾಮಾನು ವಾಪಸ್ ಬಂದ್ರೆ ಹಳೇ ದರವೇ ಹಿಡಿಯುತ್ತೆ. ರಾತ್ರಿ ಬ್ಯಾಕಪ್ ಪೆನ್‌ಡ್ರೈವಿಗೆ, ಅದು ಅಣ್ಣನ ಜೇಬಿನಲ್ಲಿ ಮನೆಗೆ.

ನಮ್ಮಲ್ಲಿ ಯಾರಿಗೂ ಸಿ ಶಾರ್ಪ್ ಬರ್ತಿರಲಿಲ್ಲ. ಇಬ್ಬರಿಗೆ ಜಾವಾ ಬರ್ತಿದ್ದರಿಂದ ಮೂರು ವಾರದಲ್ಲಿ ಹತ್ತಿತು. ಇದರಲ್ಲೂ ಕೊರತೆ ಇದೆ. ಮೂರು ವರ್ಷಕ್ಕೊಮ್ಮೆ ಡಾಟ್‌ನೆಟ್ ಆವೃತ್ತಿ ಏರಿಸಬೇಕು. ಮಾವ ಫೋನಿನಲ್ಲಿ ವ್ಯಾಪಾರ ನೋಡಬೇಕು ಅಂದ್ರೆ ಈಗ ಆಗಲ್ಲ, ರಾತ್ರಿ ಮೊತ್ತ ಮಾತ್ರ ಮೆಸೇಜ್ ಹೋಗುತ್ತೆ.

ಸಿ ಶಾರ್ಪೇ ಶ್ರೇಷ್ಠ ಅಂತ ನಾವು ಹೇಳ್ತಿಲ್ಲ. ಇದೇ ಕೆಲಸ ಜಾವಾದಲ್ಲೂ, ಪೈಥಾನಿನ ಜ್ಯಾಂಗೋದಲ್ಲೂ ಆಗ್ತಿತ್ತು. ಹತ್ತು ಊರಿನ ಹಾಲು ಸಂಗ್ರಹದ ಲೆಕ್ಕ ಒಂದೇ ಕಡೆ ಸೇರಬೇಕು ಅಂದಿದ್ರೆ ನಮ್ಮ ಈ ಆಯ್ಕೆ ಪೂರ್ತಿ ತಪ್ಪು. ಅಲ್ಲಿ ಸರ್ವರ್ ಬೇಕು, ಫೋನಿನ ಆ್ಯಪ್ ಬೇಕು, ನೆಟ್ ಇಲ್ಲದಾಗ ಫೋನಿನಲ್ಲೇ ಹಿಡಿದಿಟ್ಟು ಆಮೇಲೆ ಕಳಿಸೋ ವ್ಯವಸ್ಥೆ ಬೇಕು. ಕೆಲಸ ಬದಲಾದ್ರೆ ಉತ್ತರ ಬದಲಾಗುತ್ತೆ. ಕೇಳೋ ಪ್ರಶ್ನೆಗಳು ಬದಲಾಗಲ್ಲ.

"ಪ್ಲೇಸ್‌ಮೆಂಟ್ ಗತಿ ಏನು?"

ಇದಕ್ಕೆ ಜೂನಿಯರುಗಳು ಕೊಡೋ ಉತ್ತರ ನಮಗೆ ಗೊತ್ತು: "ಅಣ್ಣಾ, ಅಂಗಡಿ ಚೆನ್ನಾಗಿರುತ್ತೆ, ನಮ್ಮ ಕಥೆ? ಇಂಟರ್ವ್ಯೂನಲ್ಲಿ ರಿಯಾಕ್ಟ್ ಕೇಳ್ತಾರೆ." ಈ ಮಾತನ್ನು ನಾವು ಹಗುರವಾಗಿ ತಗೊಳ್ಳಲ್ಲ. ಮನೆಯಲ್ಲಿ ಶೈಕ್ಷಣಿಕ ಸಾಲ ಇರೋರಿಗೆ ರೆಸ್ಯೂಮೆ ಅಂದ್ರೆ ಬರೀ ಕಾಗದ ಅಲ್ಲ.

ಆದರೆ ಎರಡನ್ನು ಬೇರೆ ಮಾಡಿ. ರಿಯಾಕ್ಟ್ ಕಲಿಯಿರಿ, ಖಂಡಿತ ಕಲಿಯಿರಿ. ಅದರಲ್ಲಿ ಕ್ಲಬ್ಬಿನ ವೆಬ್‌ಸೈಟ್ ಮಾಡಿ, ಹಾಸ್ಟೆಲ್ ಮೆಸ್ಸಿನ ಮೆನು ಮಾಡಿ, ಒಡೆದುಹೋದ್ರೆ ಯಾರ ಮನೆಯೂ ಮುಳುಗಲ್ಲ. ಇನ್ನೊಬ್ಬರ ಬಾಕಿ ಲೆಕ್ಕದ ಮೇಲೆ ಕಲಿಯಬೇಡಿ. ಇನ್ನು ಇಂಟರ್ವ್ಯೂ ವಿಷಯ: "ಯಾಕೆ ಮೊಂಗೋ?" ಅಂತ ಕೇಳಿದಾಗ "ಎಲ್ಲರೂ ಬಳಸ್ತಾರೆ" ಅನ್ನೋದಕ್ಕೂ, "ಮೂರು ದಾಖಲೆ ಒಟ್ಟಿಗೆ ಬದಲಾಗಬೇಕಿತ್ತು, ಅದಕ್ಕೆ ಪೋಸ್ಟ್‌ಗ್ರೆಸ್" ಅನ್ನೋದಕ್ಕೂ ವ್ಯತ್ಯಾಸ ಇದೆ. ಬೆಂಗಳೂರಿನ ಜೆರೋಧಾ ತನ್ನ ತಾಂತ್ರಿಕ ಬರಹಗಳಲ್ಲಿ ಗೋ, ಪೋಸ್ಟ್‌ಗ್ರೆಸ್ ಥರದ ಸರಳ ಸಾಧನಗಳ ಬಗ್ಗೆಯೇ ಮತ್ತೆ ಮತ್ತೆ ಬರೆದಿದೆ. ಕೋಟಿಗಟ್ಟಲೆ ವಹಿವಾಟು ನಡೆಸೋರಿಗೆ ಸಾಕಾಗಿದ್ದು ನಮ್ಮ ಮಿನಿ ಪ್ರಾಜೆಕ್ಟಿಗೆ ಸಾಲದೇ?

ನಮ್ಮ ಕೋರಿಕೆ

ವಿಭಾಗದ ಗುರುಗಳಿಗೆ ಒಂದು ವಿನಂತಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ಬಳಸಿದ ತಂತ್ರಜ್ಞಾನ' ಅಂತ ಲೋಗೋಗಳ ಪುಟ ಇರುತ್ತಲ್ಲ, ಅದನ್ನು ತೆಗೆದು 'ಯಾಕೆ ಇದು, ಯಾಕೆ ಅದಲ್ಲ' ಅಂತ ಒಂದು ಪುಟ ಕೇಳಿ. ವೈವಾದ ದಿನ ಇನ್ನೊಂದು ತಂಡದ ಕೈಗೆ ಖಾಲಿ ಕಂಪ್ಯೂಟರ್ ಕೊಟ್ಟು, ನಾವು ಬರೆದ ಸೂಚನೆ ಓದಿಕೊಂಡೇ ನಮ್ಮ ಪ್ರಾಜೆಕ್ಟ್ ಎಬ್ಬಿಸೋಕೆ ಹೇಳಿ. ಎದ್ದರೆ ಮಾತ್ರ ಪೂರ್ತಿ ಮಾರ್ಕ್ಸ್. ನಮ್ಮ ಮೊದಲ ಪ್ರಾಜೆಕ್ಟಿಗೆ ಈ ಪರೀಕ್ಷೆ ಇದ್ದಿದ್ರೆ ನಾವು ಫೇಲ್ ಆಗ್ತಿದ್ವಿ, ಮಾವನ ಲೆಕ್ಕ ಉಳೀತಿತ್ತು.

ಜೂನಿಯರುಗಳಿಗೆ: ನಿಜವಾದ ಅಂಗಡಿಗೋ ಸಂಘಕ್ಕೋ ಆಸ್ಪತ್ರೆಗೋ ಸಾಫ್ಟ್‌ವೇರ್ ಕೊಡ್ತೀರಾದ್ರೆ, ಪಾಸಾದ ಮೇಲೆ ಎರಡು ವರ್ಷ ಅವರ ಫೋನ್ ಎತ್ತುತ್ತೀರಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆಗಲ್ಲ ಅನ್ನಿಸಿದ್ರೆ ಅದನ್ನು ಮೊದಲೇ ಅವರಿಗೆ ಹೇಳಿ, ಸೋರ್ಸ್ ಕೋಡ್ ಅವರ ಪೆನ್‌ಡ್ರೈವಿಗೆ ಹಾಕಿ ಕೊಡಿ.

ನಮ್ಮ ಎರಡನೇ ಆವೃತ್ತಿ ಈಗ ಅಂಗಡಿಯಲ್ಲಿ ಓಡ್ತಿದೆ. ಅಣ್ಣ ಬಿಲ್ ಬುಕ್ಕನ್ನು ಇನ್ನೂ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಯಾಕಣ್ಣ ಅಂತ ಕೇಳಿದ್ರೆ, "ಇರ್ಲಿ ಬಿಡ್ರಪ್ಪಾ, ನೀವು ಹೋಗೋರು" ಅಂತಾರೆ. ಅವರು ಹೇಳೋದು ಸರಿ. ಮುಂದಿನ ಬ್ಯಾಚಿನ ಇಬ್ಬರಿಗೆ ಕೋಡ್ ತೋರಿಸಿ ಕೊಡ್ತಿದ್ದೀವಿ. ಇನ್ನೂ ಇಬ್ಬರು ಬೇಕು. ಆಸಕ್ತಿ ಇರೋರು ಸಂಘದ ಕೋಣೆಗೆ ಬನ್ನಿ. ಸಿ ಶಾರ್ಪ್ ಬರದಿದ್ರೂ ಪರವಾಗಿಲ್ಲ. ಶನಿವಾರ ಬೆಳಿಗ್ಗೆ ಬಸ್ ಹತ್ತಿ ಅಂಗಡಿಗೆ ಹೋಗೋಕೆ ತಯಾರಿರಬೇಕು.